ಜೆರುಸಲೇಮಿಗೆ ಹೊರಡುವ ಮುಂಚೆ ವಾರ ನೋಡಿ

ಓದುಗರ ಪ್ರಶ್ನೆಗೆ ಉತ್ತರ

ಪವಿತ್ರ ನಾಡಿನ ಯಾತ್ರೆಯ ಬಗ್ಗೆ ಬಂದ ಪತ್ರಗಳು ಈ ಸಲ ಜಾಸ್ತಿ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಚರ್ಚಿನಿಂದ 32 ಮಂದಿ ಜೋರ್ಡಾನ್–ಇಸ್ರೇಲ್–ಈಜಿಪ್ಟ್ ಹತ್ತು ದಿನದ ಯಾತ್ರೆಗೆ ಹೆಸರು ಕೊಟ್ಟಿದ್ದೇವೆ. ಏಜೆಂಟರ ಪಟ್ಟಿಯಲ್ಲಿ ಜೆರುಸಲೇಮಿಗೆ ಮೂರು ದಿನ. ಶುಕ್ರವಾರ ಟೆಂಪಲ್ ಮೌಂಟ್, ಓಲಿವ್ ಗುಡ್ಡ, ಗೆತ್ಸೆಮನೆ. ಶನಿವಾರ ಯಹೂದಿ ಕೇರಿ, ಪಶ್ಚಿಮ ಗೋಡೆ, ಯಾದ್ ವಶೇಮ್. ಭಾನುವಾರ ಬೆಳಿಗ್ಗೆ ಬೆತ್ಲೆಹೇಮ್, ಮಧ್ಯಾಹ್ನ ಪವಿತ್ರ ಸಮಾಧಿ ಚರ್ಚ್. ಮಂಗಳವಾರ ಸಿನಾಯ್. ಇದು ಸರಿ ಉಂಟಾ?
– ಬಿಕರ್ನಕಟ್ಟೆ, ಮಂಗಳೂರು

ಜಾಗಗಳೆಲ್ಲ ಸರಿ ಇವೆ, ವಾರ ತಪ್ಪಿದೆ. ಜೆರುಸಲೇಮಿನಲ್ಲಿ ಶುಕ್ರವಾರ ಮುಸ್ಲಿಮರದು, ಶನಿವಾರ ಯಹೂದ್ಯರದು, ಭಾನುವಾರ ಬೆಳಗಿನ ಹೊತ್ತು ಕ್ರೈಸ್ತರದು. ಯಾರ ಪ್ರಾರ್ಥನೆಯ ದಿನವೋ ಅಂದು ಅವರ ಜಾಗಕ್ಕೆ ನೋಡಲಿಕ್ಕೆಂದು ಹೋದರೆ ಬಾಗಿಲಿನಿಂದಲೇ ವಾಪಸು ಬರಬೇಕಾದೀತು. ನಿಮ್ಮ ಪಟ್ಟಿ ಮೂರು ದಿನವೂ ಹಾಗೇ ಮಾಡಿದೆ.

ಟೆಂಪಲ್ ಮೌಂಟ್ ಎಂದರೆ ಬಂಗಾರದ ಗುಮ್ಮಟವೂ ಅಲ್ ಅಕ್ಸಾ ಮಸೀದಿಯೂ ಇರುವ ಅಂಗಳ. ಮುಸ್ಲಿಮರಲ್ಲದವರಿಗೆ ಅಲ್ಲಿಗೆ ಇರುವುದು ಮುಗ್ರಬಿ ದ್ವಾರ ಒಂದೇ. ಅದೂ ಭಾನುವಾರದಿಂದ ಗುರುವಾರದವರೆಗೆ, ದಿನಕ್ಕೆ ಕೆಲವೇ ಗಂಟೆ. ಶುಕ್ರ, ಶನಿ ಇಲ್ಲವೇ ಇಲ್ಲ. ಅಲ್ಲಿಗೆ ಹೋಗುವ ದಿನ ಬೈಬಲ್, ಜಪಮಾಲೆ ಹೋಟೆಲಿನಲ್ಲೇ ಬಿಟ್ಟು ಹೋಗಿ. ಆ ಅಂಗಳದಲ್ಲಿ ಬೇರೆ ಧರ್ಮದ ಪ್ರಾರ್ಥನೆಗೆ ಅವಕಾಶವಿಲ್ಲ.

ಯಾದ್ ವಶೇಮ್ ನಾಜಿಗಳು ಕೊಂದ ಯಹೂದ್ಯರ ಸ್ಮಾರಕ. ಶನಿವಾರ ಮುಚ್ಚಿರುತ್ತದೆ. ಒಳಗಿನ ಮ್ಯೂಸಿಯಂಗೆ 10 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಗುಂಪಿನಲ್ಲಿ ಮಕ್ಕಳಿದ್ದರೆ ಈಗಲೇ ಯೋಚಿಸಿ. ಯಹೂದಿ ಕೇರಿಯ ಅಂಗಡಿಗಳೂ ಅಂದು ಮುಚ್ಚಿರುತ್ತವೆ. ಪಶ್ಚಿಮ ಗೋಡೆ ಮಾತ್ರ ಇಡೀ ವರ್ಷ, 24 ಗಂಟೆಯೂ ತೆರೆದಿರುತ್ತದೆ, ಟಿಕೆಟ್ ಇಲ್ಲ. ಆದರೆ ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಯಹೂದ್ಯರ ವಿಶ್ರಾಂತಿಯ ದಿನ. ಆ ಹೊತ್ತಿನಲ್ಲಿ ಫೋಟೊ ತೆಗೆಯುವಂತಿಲ್ಲ, ಮೊಬೈಲ್ ಹೊರಗೆ ತೆಗೆಯುವಂತಿಲ್ಲ, ಪೆನ್ನು ಹಿಡಿದು ಬರೆಯುವಂತಿಲ್ಲ. ಗೋಡೆಯ ಸಂದಿಯಲ್ಲಿ ಚೀಟಿ ಇಡಬೇಕೆಂದಿರುವವರು ಬೇರೆ ದಿನ ಹೋಗುವುದೇ ಒಳ್ಳೆಯದು. (ಆ ಚೀಟಿಗಳನ್ನು ವರ್ಷಕ್ಕೆ ಎರಡು ಸಲ ತೆಗೆದು ಓಲಿವ್ ಗುಡ್ಡದ ಸ್ಮಶಾನದಲ್ಲಿ ಹೂಳುತ್ತಾರೆ. ಯಾರೂ ಓದುವುದಿಲ್ಲ, ಹಾಗಾಗಿ ಕನ್ನಡದಲ್ಲೋ ಕೊಂಕಣಿಯಲ್ಲೋ ಬರೆಯಿರಿ.)

ಭಾನುವಾರ ಬೆಳಿಗ್ಗೆ ಬೆತ್ಲೆಹೇಮಿನ ಜನನ ಬಸಿಲಿಕಾದಲ್ಲಿ ಆರಾಧನೆ ನಡೆಯುತ್ತಿರುತ್ತದೆ. ಕೆಳಗಿನ ಗುಹೆಗೆ, ಅಂದರೆ 14 ಮೂಲೆಯ ಬೆಳ್ಳಿ ನಕ್ಷತ್ರ ಇರುವ ಜಾಗಕ್ಕೆ, ಆ ಹೊತ್ತಿನಲ್ಲಿ ಬಿಡುವುದಿಲ್ಲ. ಅಷ್ಟು ದೂರ ಹೋಗಿ ನಕ್ಷತ್ರ ಮುಟ್ಟದೆ ಬಂದವರ ಬೇಜಾರು ಊರಿಗೆ ಬಂದರೂ ಇಳಿಯುವುದಿಲ್ಲ.

ಇದನ್ನು ಹೀಗೆ ತಿರುಗಿಸಿ. ಶುಕ್ರವಾರ ಬೆಳಿಗ್ಗೆ ಬೇಗ ಬೆತ್ಲೆಹೇಮ್. ಜೆರುಸಲೇಮಿನಿಂದ 10 ಕಿ.ಮೀ. ಒಳಗೇ, ಆದರೆ ನಡುವೆ ಇಸ್ರೇಲಿ ಸೈನ್ಯದ ಚೆಕ್‌ಪೋಸ್ಟ್ ಉಂಟು. ಪಾಸ್‌ಪೋರ್ಟ್ ಕೈಯಲ್ಲಿರಲಿ, ಹೋಟೆಲಿನ ಲಾಕರಿನಲ್ಲಿ ಅಲ್ಲ. ಬೆತ್ಲೆಹೇಮ್ ಪ್ಯಾಲೆಸ್ಟೀನ್ ಆಡಳಿತದ ಊರು, ಇಸ್ರೇಲಿ ಪೌರರು ಅಲ್ಲಿಗೆ ಹೋಗುವಂತಿಲ್ಲ. ಆದ್ದರಿಂದ ನಿಮ್ಮ ಗೈಡ್ ಯಹೂದಿಯಾದರೆ ದಾರಿಯಲ್ಲಿ ಇಳಿದು ಹೋಗುತ್ತಾರೆ, ಆ ಕಡೆ ಇನ್ನೊಬ್ಬರು ಹತ್ತುತ್ತಾರೆ. ಗಾಬರಿ ಬೇಡ. ಮಧ್ಯಾಹ್ನದೊಳಗೆ ವಾಪಸಾದರೆ ಫ್ರಾನ್ಸಿಸ್ಕನ್ ಗುರುಗಳು ಪ್ರತಿ ಶುಕ್ರವಾರ ನಡೆಸುವ ಶಿಲುಬೆಯ ಹಾದಿಗೆ ಸೇರಬಹುದು; ಚಳಿಗಾಲದಲ್ಲಿ 3 ಗಂಟೆಗೆ, ಬೇಸಿಗೆಯಲ್ಲಿ 4ಕ್ಕೆ. ಯೇಸು ಶಿಲುಬೆ ಹೊತ್ತು ನಡೆದರೆಂದು ನಂಬುವ ಆ ಹಾದಿಯಲ್ಲಿ ನಿಂತು ಪ್ರಾರ್ಥಿಸುವ ಹದಿನಾಲ್ಕು ಸ್ಥಳಗಳಲ್ಲಿ ಮೊದಲ ಒಂಬತ್ತು ಪೇಟೆಯ ಓಣಿಯಲ್ಲಿ, ಕೊನೆಯ ಐದು ಪವಿತ್ರ ಸಮಾಧಿ ಚರ್ಚಿನೊಳಗೇ. ತಪಸ್ಸು ಕಾಲದಲ್ಲಿ ಊರಿನಲ್ಲಿ ಮಾಡುವ ಮೌನದ ಮೆರವಣಿಗೆಯನ್ನು ಮನಸ್ಸಿನಲ್ಲಿಟ್ಟು ಹೋಗಬೇಡಿ. ಇಲ್ಲಿ ಎರಡೂ ಕಡೆ ಅಂಗಡಿ, ನಡುವೆ ಕೈಗಾಡಿ. ಸಂಜೆ ಕ್ಯಾಮರಾ ಒಳಗಿಟ್ಟು ಪಶ್ಚಿಮ ಗೋಡೆಯ ಅಂಗಳದ ಹಿಂಬದಿಯಲ್ಲಿ ನಿಂತರೆ, ಸಬ್ಬತ್ ಸ್ವಾಗತಿಸಲು ಜನ ಹಾಡುತ್ತ ಬರುವುದು ಕಾಣುತ್ತದೆ.

ಶನಿವಾರ ಓಲಿವ್ ಗುಡ್ಡ, ಗೆತ್ಸೆಮನೆ, ಪವಿತ್ರ ಸಮಾಧಿ. ಇಲ್ಲಿನ ಚರ್ಚುಗಳು ಕ್ರೈಸ್ತರ ಕೈಯಲ್ಲಿವೆ, ಸಬ್ಬತ್ ತಾಗುವುದಿಲ್ಲ. ಭಾನುವಾರ ಇಸ್ರೇಲಿನಲ್ಲಿ ಕೆಲಸದ ದಿನ. ಬೆಳಿಗ್ಗೆ ಟೆಂಪಲ್ ಮೌಂಟ್, ಆಮೇಲೆ ಗೋಡೆ, ಯಹೂದಿ ಕೇರಿ, ಯಾದ್ ವಶೇಮ್. ಭಾನುವಾರದ ಬಲಿಪೂಜೆಯನ್ನು ಶನಿವಾರ ಸಂಜೆಗೆ ಇಟ್ಟುಕೊಳ್ಳಬಹುದು. ಫ್ರಾನ್ಸಿಸ್ಕನ್ನರ ಕೈಯಲ್ಲಿರುವ ಪುಣ್ಯಕ್ಷೇತ್ರಗಳಲ್ಲಿ ಪೂಜೆಗೆ ಮೊದಲೇ ಸಮಯ ಕಾದಿರಿಸಬೇಕು. ಜೊತೆಗೆ ಬರುವ ಗುರುಗಳು ತಮ್ಮ ಬಿಷಪರಿಂದ ಗುರುತಿನ ಪತ್ರ ತರಲಿ.

ನಿಮ್ಮ ಪಟ್ಟಿಯಲ್ಲಿ ಸರಿಯಾಗಿ ಬಿದ್ದದ್ದು ಸಿನಾಯ್ ಒಂದೇ. ಅಲ್ಲಿನ ಸಂತ ಕ್ಯಾಥರಿನ್ ಮಠ ಶುಕ್ರವಾರ, ಭಾನುವಾರ ಪ್ರವಾಸಿಗರಿಗೆ ಮುಚ್ಚಿರುತ್ತದೆ, ಉಳಿದ ದಿನವೂ ಬೆಳಗಿನ ಕೆಲವೇ ಗಂಟೆ.

ವಾರದ ಹಾಗೆಯೇ ಹಬ್ಬವನ್ನೂ ನೋಡಿ. 2027ರಲ್ಲಿ ನಮ್ಮ ಈಸ್ಟರ್ ಮಾರ್ಚ್ 28, ಆರ್ಥೊಡಾಕ್ಸರದು ಮೇ 2. ಪವಿತ್ರ ಸಮಾಧಿ ಚರ್ಚಿನಲ್ಲಿ ಎರಡೂ ಈಸ್ಟರ್ ನಡೆಯುತ್ತವೆ, ಎರಡು ಸಲವೂ ಓಣಿಗಳಲ್ಲಿ ಪೊಲೀಸ್ ತಡೆ. ಬೆತ್ಲೆಹೇಮಿನಲ್ಲಂತೂ ಕ್ರಿಸ್‌ಮಸ್ ಮೂರು: ಡಿಸೆಂಬರ್ 25, ಆರ್ಥೊಡಾಕ್ಸರಿಗೆ ಜನವರಿ 7, ಅರ್ಮೇನಿಯನ್ನರಿಗೆ ಜನವರಿ 18–19.

ಪ್ರಶ್ನೆ: ಮಮ್ಮನಿಗೆ 72. ಮೊಣಕಾಲು ನೋವು, ಸಕ್ಕರೆ ಕಾಯಿಲೆ ಎರಡೂ ಉಂಟು. "ಒಮ್ಮೆ ಯೇಸು ಸ್ವಾಮಿಯ ಊರು ನೋಡಿಯೇ ಸಾಯುವುದು" ಅಂತ ಹಟ. ಕರೆದುಕೊಂಡು ಹೋಗಬಹುದಾ?
– ಮೂಡುಬೆಳ್ಳೆ, ಉಡುಪಿ

ಹೋಗಬಹುದು. ಎಲ್ಲವನ್ನೂ ನೋಡಿಸುವ ಹಟ ಮಾತ್ರ ನೀವು ಬಿಡಬೇಕು.

ಕಷ್ಟ ಇರುವುದು ದೂರದಲ್ಲಲ್ಲ, ಕಲ್ಲಿನಲ್ಲಿ. ಹಳೇ ಜೆರುಸಲೇಮಿನ ಓಣಿಗಳಿಗೆ ಹಾಸಿದ ಸುಣ್ಣಕಲ್ಲು ಶತಮಾನಗಳ ನಡಿಗೆಯಿಂದ ನುಣುಪಾಗಿದೆ. ಒಂದು ಮಳೆ ಬಿದ್ದರೆ ಆಟಿ ತಿಂಗಳ ಪಾಚಿಗಟ್ಟಿದ ಅಂಗಳದ ಹಾಗೆ ಜಾರುತ್ತದೆ. ಚಪ್ಪಲಿ ಬೇಡ. ರಬ್ಬರ್ ಅಡಿಯ, ತಿಂಗಳ ಮೊದಲೇ ಹಾಕಿ ಪಳಗಿಸಿದ ಶೂ ಬೇಕು. ಹೊಸ ಶೂ ಹಾಕಿ ವಿಮಾನ ಹತ್ತಿದವರಿಗೆ ಮೂರನೇ ದಿನ ಗುಳ್ಳೆ ಖಂಡಿತ, ಸಕ್ಕರೆ ಇರುವವರ ಕಾಲಿಗೆ ಅದು ಸಣ್ಣ ವಿಷಯವಲ್ಲ. ಮಡಚುವ ಊರುಗೋಲು ಇರಲಿ.

ಪವಿತ್ರ ಸಮಾಧಿ ಚರ್ಚಿನೊಳಗೆ ಕಾಲಿಟ್ಟ ಕೂಡಲೇ ಬಲಕ್ಕೆ, ಯೇಸುವನ್ನು ಶಿಲುಬೆಗೇರಿಸಿದರೆಂದು ನಂಬುವ ಕಲ್ವಾರಿಗೆ ಹತ್ತುವ ಮೆಟ್ಟಿಲು. ಸುಮಾರು 20 ಇವೆ, ಕಡಿದಾಗಿವೆ, ಒಂದೊಂದೂ ಎತ್ತರ. ಮಮ್ಮನಿಗೆ ಅದು ಆಗದಿದ್ದರೆ ನೆಲದ ಮಟ್ಟದಲ್ಲೇ, ಕಲ್ವಾರಿಯ ಅಡಿಯಲ್ಲಿ, ಆದಾಮನ ಪ್ರಾರ್ಥನಾಲಯ ಎಂಬ ಸಣ್ಣ ಕೋಣೆ ಉಂಟು. ಶಿಲುಬೆ ನೆಟ್ಟರು ಎನ್ನುವ ಬಂಡೆಯ ಬಿರುಕು ಅಲ್ಲಿ ಗಾಜಿನ ಹಿಂದೆ ಕಾಣುತ್ತದೆ. ಗೈಡುಗಳು ಅವಸರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ನೀವೇ ಕೇಳಿ. ಬಾಗಿಲಿನ ಎದುರಿಗೇ ನೆಲಮಟ್ಟದಲ್ಲಿ ಇರುವ ಚಪ್ಪಡಿ, ಯೇಸುವಿನ ದೇಹಕ್ಕೆ ಸುಗಂಧ ಲೇಪಿಸಿದರೆಂದು ನಂಬುವ ಕಲ್ಲು. ಊರಿನವರಿಗೆ ಕೊಡಲಿಕ್ಕೆ ತೆಗೆದ ಜಪಮಾಲೆಗಳನ್ನು ಜನ ಅದರ ಮೇಲಿಟ್ಟು ತೆಗೆಯುತ್ತಾರೆ. ಮೊಣಕಾಲೂರುವುದು ಆಗದಿದ್ದರೆ ಆ ಕೆಲಸ ನೀವು ಮಾಡಿ, ಮಮ್ಮ ಪಕ್ಕದಲ್ಲಿ ನಿಲ್ಲಲಿ. ಸಮಾಧಿಯ ಒಳಬಾಗಿಲು ಗಿಡ್ಡ, ಬಾಗಿಯೇ ಹೋಗಬೇಕು, ಒಂದು ಸಲಕ್ಕೆ ಮೂರು–ನಾಲ್ಕು ಜನ. ಸರದಿ ಮಾತ್ರ ಅತ್ತೂರು ಫೆಸ್ತಿನ ಸರದಿಯೇ. ಬಾಗಿಲು ತೆರೆಯುವ ನಸುಕಿನ ಹೊತ್ತಿಗೆ ಹೋದರೆ ಕಾಯುವುದು ಕಡಿಮೆ.

ಬೆತ್ಲೆಹೇಮಿನ ಬಸಿಲಿಕಾದ ಬಾಗಿಲಿಗೆ ವಿನಯದ ಬಾಗಿಲು ಎಂದೇ ಹೆಸರು, ಎತ್ತರ 1.2 ಮೀಟರ್ ಮಾತ್ರ. ನಡು ನೋವಿರುವವರು ಕೈಯನ್ನು ಕಂಬಕ್ಕೆ ಕೊಟ್ಟು ಬಗ್ಗಲಿ. ಗುಹೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು ಕೆಲವೇ, ಆದರೆ ಸವೆದಿವೆ, ಜೊತೆಗೆ ಹಿಂದಿನಿಂದ ತಳ್ಳಾಟ. ಒಬ್ಬರು ಮುಂದೆ, ಒಬ್ಬರು ಹಿಂದೆ ಇದ್ದು ನಡುವೆ ಮಮ್ಮನನ್ನು ಇಳಿಸಿ.

ಓಲಿವ್ ಗುಡ್ಡದಿಂದ ಗೆತ್ಸೆಮನೆಗೆ ಇಳಿಯುವ ಗರಿಗಳ ಭಾನುವಾರದ ದಾರಿ ಏರಲ್ಲವಲ್ಲ ಎಂದು ಹೆಚ್ಚಿನವರು ಸಸಾರ ಮಾಡುತ್ತಾರೆ. ಮೊಣಕಾಲಿಗೆ ಏರಿಗಿಂತ ಇಳಿಜಾರೇ ಕೇಡು. ಮಮ್ಮ ಬಸ್ಸಿನಲ್ಲೇ ಕುಳಿತು ಕೆಳಗೆ ಬರಲಿ. ಗೆತ್ಸೆಮನೆ ತೋಟ ಸಮತಟ್ಟು. ಅಲ್ಲಿನ ಎಂಟು ಓಲಿವ್ ಮರಗಳಲ್ಲಿ ಮೂರರ ಕಾಂಡಕ್ಕೆ ಪರೀಕ್ಷೆಯಲ್ಲಿ ಸುಮಾರು 900 ವರ್ಷ ಎಂದು ಬಂದಿದೆ. ಯೇಸು ಕಂಡ ಮರ ಎಂದು ಯಾರಾದರೂ ಎಲೆ ಮಾರಿದರೆ ನಕ್ಕು ಮುಂದೆ ಹೋಗಿ.

ಗಲಿಲೇಯ ಅವರಿಗೆ ಸುಖ. ಕಪೆರ್ನೌಮ್, ತಾಬ್ಘಾ, ಅಷ್ಟಭಾಗ್ಯಗಳ ಗುಡ್ಡ, ಎಲ್ಲ ಕಡೆ ಬಸ್ಸು ಹತ್ತಿರದವರೆಗೆ ಹೋಗುತ್ತದೆ. ತಾಬೋರ್ ಬೆಟ್ಟಕ್ಕೆ ದೊಡ್ಡ ಬಸ್ಸು ಹೋಗುವುದಿಲ್ಲ, ಕೆಳಗೆ ಸಣ್ಣ ವ್ಯಾನಿಗೆ ಬದಲಾಯಿಸಬೇಕು. ಸಿನಾಯ್ ಬೆಟ್ಟ ಮಾತ್ರ ಬೇಡವೇ ಬೇಡ. 2,285 ಮೀಟರ್ ಎತ್ತರ, ಮಧ್ಯರಾತ್ರಿ ಕಳೆದು ಚಳಿಯಲ್ಲಿ ಹತ್ತುವುದು. ಒಂಟೆ ಒಯ್ಯುವುದು ಕೊನೆಯ 750 ಮೆಟ್ಟಿಲಿನವರೆಗೆ ಮಾತ್ರ, ಅಲ್ಲಿಂದ ವಾಪಸು ಬರುವುದೂ ಕಷ್ಟ. ಮಮ್ಮ ಕೆಳಗೆ ಹೋಟೆಲಿನಲ್ಲಿ ಮಲಗಿ ಬೆಳಿಗ್ಗೆ ಮಠ ನೋಡಲಿ.

ಇಸ್ರೇಲಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದೆ. ಇನ್ಸುಲಿನ್ ಹೊತ್ತನ್ನು ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಸ್ಸಿನ ದಿನ ಅದನ್ನು ಯಾವಾಗ ತೆಗೆದುಕೊಳ್ಳಬೇಕು ಎಂದೂ ಕೇಳಿ. ನಾಚಿಕೆಯಿಂದ ನೀರು ಕುಡಿಯದೆ ಕುಳಿತು ಮರುಭೂಮಿಯಲ್ಲಿ ತಲೆ ತಿರುಗಿ ಬೀಳುವವರು ಇದೇ ವಯಸ್ಸಿನವರು. ಮಾತ್ರೆಗಳು ಸ್ಟ್ರಿಪ್ಪಿನಲ್ಲೇ ಇರಲಿ, ಚೀಟಿಯ ಜೊತೆ, ಕೈಚೀಲದಲ್ಲಿ. ಮತ್ತೆ ಹೊರಡುವ ಎರಡು ತಿಂಗಳು ಮುಂಚಿನಿಂದ ದಿನಾ ಸ್ವಲ್ಪ ಏರು ಹತ್ತಿಸಿ. ಮಂಗಳೂರಿನಲ್ಲಿದ್ದರೆ ಬಾವುಟಗುಡ್ಡೆಯ ಏರು ಸಾಕು. ಅದು ಆಗುತ್ತದಾದರೆ ಜೆರುಸಲೇಮೂ ಆಗುತ್ತದೆ.

ಪ್ರಶ್ನೆ: ನಾನು ಕುವೈತಿನಲ್ಲಿ ಕೆಲಸದಲ್ಲಿದ್ದೇನೆ. ರಜೆಯಲ್ಲಿ ಬಂದು ಇಸ್ರೇಲಿಗೆ ಹೋದರೆ ಪಾಸ್‌ಪೋರ್ಟಿನಲ್ಲಿ ಸ್ಟಾಂಪ್ ಹಾಕುವುದಿಲ್ಲ ಎನ್ನುತ್ತಾರೆ. ನಂಬಬಹುದೇ?
– ಶಿರ್ವದ ಓದುಗರು

ಅರ್ಧ ನಂಬಬಹುದು. ಇಸ್ರೇಲ್ ಈಗ ಪಾಸ್‌ಪೋರ್ಟಿಗೆ ಸ್ಟಾಂಪ್ ಹಾಕದೆ ಸಣ್ಣ ನೀಲಿ ಚೀಟಿ ಕೊಡುತ್ತದೆ. ಅದನ್ನು ಹೊರಡುವವರೆಗೆ ಜೋಪಾನ ಮಾಡಬೇಕು. ನಿಮ್ಮನ್ನು ಸಿಕ್ಕಿಸುವುದು ಪಕ್ಕದ ದೇಶದ ಸ್ಟಾಂಪ್. ತಾಬಾ ಗಡಿಯ ಮೂಲಕ ಈಜಿಪ್ಟಿಗೆ ದಾಟಿದರೆ ಈಜಿಪ್ಟಿನವರು ತಾಬಾ ಎಂದೇ ಸ್ಟಾಂಪ್ ಒತ್ತುತ್ತಾರೆ. ತಾಬಾದ ಆಚೆ ಬದಿ ಇರುವುದು ಇಸ್ರೇಲ್ ಮಾತ್ರ, ಕುವೈತಿನ ಅಧಿಕಾರಿಗೆ ಬೇರೆ ಸಾಕ್ಷಿ ಬೇಡ. ಜೋರ್ಡಾನಿನ ಶೇಖ್ ಹುಸೇನ್ ಸೇತುವೆಯದೂ ಹಾಗೇ. ಜೊತೆಗೆ ಭಾರತೀಯರಿಗೆ ಇಸ್ರೇಲಿಗೆ ಮುಂಚಿತ ವೀಸಾ ಬೇಕು. ಅದು ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಆದರೆ ನೀಲಿ ಚೀಟಿಯಿಂದ ಏನೂ ಪ್ರಯೋಜನವಿಲ್ಲ. ಬೇರೆ ಕಾಗದದಲ್ಲಿ ಬರುವುದೋ ಎಂದು ಏಜೆಂಟರಿಂದ ಬರಹದಲ್ಲಿ ಪಡೆಯಿರಿ.

ಕುವೈತ್ ಇದರಲ್ಲಿ ಬಿಗಿ. ಯುಎಇ ಮತ್ತು ಬಹರೈನ್ 2020ರಲ್ಲಿ ಇಸ್ರೇಲ್ ಜೊತೆ ಸಂಬಂಧ ಬೆಳೆಸಿದ್ದರಿಂದ ದುಬೈ, ಮನಾಮದಲ್ಲಿ ಇರುವವರಿಗೆ ಈ ತಲೆನೋವಿಲ್ಲ. ನಿಮ್ಮ ಅನ್ನ ಕುವೈತಿನಲ್ಲಿ ಇರುವವರೆಗೆ ಜೋರ್ಡಾನ್ ಒಂದನ್ನೇ ಮಾಡಿ ಎನ್ನುವುದು ನಮ್ಮ ಸಲಹೆ. ಅದೇನೂ ಸಮಾಧಾನದ ಬಹುಮಾನವಲ್ಲ. ಮೋಶೆ ವಾಗ್ದಾನದ ನಾಡನ್ನು ಕಂಡ ನೆಬೋ ಬೆಟ್ಟ, ಪವಿತ್ರ ನಾಡಿನ ಆರನೇ ಶತಮಾನದ ಮೊಸಾಯಿಕ್ ನಕ್ಷೆ ಇರುವ ಮಾದಬಾದ ಸಂತ ಜಾರ್ಜ್ ಚರ್ಚ್, ಯೇಸುವಿನ ದೀಕ್ಷಾಸ್ನಾನದ ಜಾಗವೆಂದು 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಅಲ್ ಮಗ್ತಾಸ್, ಮೂರೂ ಅಲ್ಲೇ. ಮೊದಲೇ ಜೋರ್ಡಾನ್ ಪಾಸ್ ಕೊಂಡು ಕನಿಷ್ಠ 3 ರಾತ್ರಿ ಉಳಿದರೆ ವೀಸಾ ಶುಲ್ಕ ಮಾಫಿ.

ಪ್ರಶ್ನೆ: ಜೋರ್ಡನ್ ನದಿಯಲ್ಲಿ ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸಿಕೊಳ್ಳಬಹುದೇ? ನೀರು ತರಬಹುದೇ?
– ಕುಲಶೇಖರ

ದೀಕ್ಷಾಸ್ನಾನ ಜೀವನದಲ್ಲಿ ಒಂದೇ ಸಲ. ಕಥೋಲಿಕರಿಗೂ ಪ್ರೊಟೆಸ್ಟಂಟ್ ಸಭೆಯಾದ ಸಿಎಸ್‌ಐಯವರಿಗೂ ಇದೇ ನಿಯಮ. ನದಿಯ ಬದಿಯಲ್ಲಿ ಗುರುಗಳು ಮಾಡಿಸುವುದು ಹಳೆಯ ವಾಗ್ದಾನದ ನವೀಕರಣ. ಗಲಿಲೇಯ ಸರೋವರದ ತೆಂಕು ತುದಿಯ ಯಾರ್ದೆನಿಟ್‌ನಲ್ಲಿ ಬಿಳಿ ನಿಲುವಂಗಿ ಬಾಡಿಗೆಗೆ ಸಿಗುತ್ತದೆ, ಬಟ್ಟೆ ಬದಲಿಸಲು ಕೋಣೆ ಉಂಟು, ನೀರೂ ತಿಳಿ. ಜೆರಿಕೋ ಹತ್ತಿರದ ಕಸ್ರ್ ಅಲ್ ಯಹೂದ್ ಸುವಾರ್ತೆಯ ಜಾಗಕ್ಕೆ ಹೆಚ್ಚು ಹತ್ತಿರ. ಅಲ್ಲಿ ನದಿ ನಮ್ಮ ಊರಿನ ತೋಡಿನಷ್ಟೇ ಅಗಲ, ಕೆಸರು ಬಣ್ಣ, ಎದುರು ದಡ ಜೋರ್ಡಾನ್ ದೇಶ. ಸುತ್ತ ಹಳೆಯ ನೆಲಬಾಂಬುಗಳಿದ್ದ ಪ್ರದೇಶ, ಬೇಲಿ ದಾಟಿ ಹೂ ಕೀಳಲಿಕ್ಕೆ ಹೋಗಬೇಡಿ.

ನೀರು ತನ್ನಿ, ಕುಡಿಯಬೇಡಿ, ಮಗುವಿಗೆ ಕುಡಿಸಲೂಬೇಡಿ. ವಿಮಾನದ ಕೈಚೀಲದಲ್ಲಿ 100 ಮಿ.ಲೀ. ಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ತಿರುಪು ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯಲ್ಲಿ ಬೆರಳಗಲ ಖಾಲಿ ಬಿಟ್ಟು ತುಂಬಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಚೆಕ್‌ಇನ್ ಪೆಟ್ಟಿಗೆಯ ನಡುವೆ ಬಟ್ಟೆಯಲ್ಲಿ ಸುತ್ತಿಡಿ. ಮೃತ ಸಮುದ್ರದ ಕೆಸರಿನ ಪ್ಯಾಕೆಟ್ಟನ್ನೂ ದ್ರವ ಎಂದೇ ಲೆಕ್ಕ ಹಾಕುತ್ತಾರೆ. ಆ ಸಮುದ್ರಕ್ಕೆ ಇಳಿಯುವ ದಿನ ಗಡ್ಡ ಹೆರೆಯಬೇಡಿ, ಉಪ್ಪು ಸುಮಾರು ಮೂರರಲ್ಲಿ ಒಂದು ಪಾಲು. ಉರಿ ಎಂದರೆ ಎಂತದ್ದೆಂದು ಗೊತ್ತಾಗುತ್ತದೆ.

ಪ್ರಶ್ನೆ: ಗೋರ್ಡನ್ ಗುರುತಿಸಿದ ತೋಟದ ಸಮಾಧಿಯೇ ಯೇಸುವಿನ ನಿಜವಾದ ಸಮಾಧಿ ಎಂದು ನಮ್ಮ ಸಭೆಯ ಕೆಲವರು ಹೇಳುತ್ತಾರೆ. ಯಾವುದಕ್ಕೆ ಹೋಗಲಿ?
– ಸಿಎಸ್‌ಐ ಸದಸ್ಯರು, ಉಡುಪಿ

ಎರಡಕ್ಕೂ. ನಿಮ್ಮ ಸಭೆಗೆ ಮೂಲವಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಾಗ ತೋಟದ ಸಮಾಧಿಯ ಸುದ್ದಿಯೇ ಇರಲಿಲ್ಲ. ಬ್ರಿಟಿಷ್ ಸೇನೆಯ ಜನರಲ್ ಗೋರ್ಡನ್ ಅದರತ್ತ ಗಮನ ಸೆಳೆದದ್ದು 1883ರಲ್ಲಿ. ಪುರಾತತ್ವಜ್ಞ ಗೇಬ್ರಿಯೆಲ್ ಬರ್ಕಾಯ್ ಅದನ್ನು ಕ್ರಿ.ಪೂ. 8–7ನೇ ಶತಮಾನದ ಗವಿ ಎಂದರು. ಯೇಸುವನ್ನು ಇಟ್ಟದ್ದು ಹೊಸ ಸಮಾಧಿಯಲ್ಲಿ ಎನ್ನುತ್ತದೆ ಸುವಾರ್ತೆ. ಪವಿತ್ರ ಸಮಾಧಿ ಚರ್ಚಿನ ಕಡೆಗೆ ಹೇಳುವುದಾದರೆ, ಈಗ ಗೋಡೆಯ ಒಳಗಿರುವ ಆ ಜಾಗ ಯೇಸುವಿನ ಕಾಲದಲ್ಲಿ ಊರಗೋಡೆಯ ಹೊರಗಿತ್ತು. ಆ ಕಾಲದ ಗವಿಸಮಾಧಿಗಳು ಚರ್ಚಿನೊಳಗೇ ಇವೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಚರ್ಚು 335ರಲ್ಲೇ ಪ್ರತಿಷ್ಠೆಯಾಯಿತು. ಇತಿಹಾಸದ ತೂಕ ಅಲ್ಲೇ ಹೆಚ್ಚು. ಆದರೆ ಅಲ್ಲಿ ಆರು ಸಭೆಗಳು ಒಂದೇ ಸೂರಿನಡಿ ಇಂಚು ಇಂಚು ಹಂಚಿಕೊಂಡಿವೆ, ಬಾಗಿಲಿನ ಕೀಲಿಯ ಜವಾಬ್ದಾರಿ ಎರಡು ಮುಸ್ಲಿಂ ಮನೆತನಗಳದು. ಧೂಪ, ನೂಕುನುಗ್ಗಲು, ಗಲಾಟೆ. ಕುಳಿತು ಒಂದು ಕೀರ್ತನೆ ಹಾಡಿ ಪ್ರಭುಭೋಜನ ತೆಗೆದುಕೊಳ್ಳಲು ತೋಟವೇ ಹಿತ. ಪ್ರವೇಶ ಉಚಿತ, ಗುಂಪಿಗೆ ಜಾಗ ಮೊದಲೇ ಕಾದಿರಿಸಿ. ಭಾನುವಾರ ಅಲ್ಲಿ ಆರಾಧನೆ ಮಾತ್ರ, ವೀಕ್ಷಣೆ ಇಲ್ಲ.

ಗಂಡಸರಿಗೆ ಒಂದು ಮಾತು: ಚರ್ಚಿನಲ್ಲಿ ಟೊಪ್ಪಿ ತೆಗೆಯಬೇಕು, ಪಶ್ಚಿಮ ಗೋಡೆಯಲ್ಲೂ ಯಹೂದ್ಯರ ಪ್ರಾರ್ಥನಾಲಯವಾದ ಸಿನಗಾಗಿನಲ್ಲೂ ತಲೆ ಮುಚ್ಚಬೇಕು. ಎರಡು ಕಡೆಯೂ ಭುಜ, ಮೊಣಕಾಲು ಮುಚ್ಚಿದ ಬಟ್ಟೆ.

ಪ್ರಶ್ನೆ: ಅಲ್ಲಿ ಹಾಲು ಹಾಕಿದ ಚಾ ಸಿಗುತ್ತದಾ?
– ಬೆಂದೂರು

ಬೆಳಿಗ್ಗೆ ಸಿಗುತ್ತದೆ, ರಾತ್ರಿ ಕಷ್ಟ. ಯಹೂದಿ ಹೋಟೆಲುಗಳಲ್ಲಿ ಕೋಷರ್ ನಿಯಮ: ಮಾಂಸ ಬಡಿಸುವ ಊಟದಲ್ಲಿ ಹಾಲು, ಬೆಣ್ಣೆ, ಮೊಸರು ಇಲ್ಲ. ಚೀಲದಿಂದ ಹಾಲಿನ ಪುಡಿ ತೆಗೆದು ಊಟದ ಮೇಜಿನಲ್ಲಿ ಕಲಸಬೇಡಿ, ಅವರ ಪಾತ್ರೆಯೇ ಮೈಲಿಗೆಯಾಗುತ್ತದೆ, ಕೋಣೆಯಲ್ಲಿ ಮಾಡಿಕೊಳ್ಳಿ. ಶನಿವಾರ ಬೆಳಿಗ್ಗೆ ಆಮ್ಲೆಟ್ ಕೇಳಬೇಡಿ, ಅಂದು ಒಲೆ ಹಚ್ಚುವುದಿಲ್ಲ. ಪಸ್ಕ ಹಬ್ಬದ ವಾರ ಬ್ರೆಡ್ಡೂ ಇಲ್ಲ. ಹಂದಿ, ಸಿಗಡಿ, ಏಡಿ, ಮರುವಾಯಿ ಕೋಷರ್ ಅಲ್ಲ. ಗಲಿಲೇಯದಲ್ಲಿ ಸಂತ ಪೇತ್ರನ ಮೀನು ಎಂದು ಇಡೀ ಹುರಿದು ಕೊಡುವುದು ತಿಲಾಪಿಯಾ, ಬಂಗುಡೆ ತಿಂದ ನಾಲಿಗೆಗೆ ಸಪ್ಪೆ. ಬೆತ್ಲೆಹೇಮ್, ನಜರೇತಿನ ಅರಬ್ ಹೋಟೆಲುಗಳಲ್ಲಿ ಈ ಹಾಲು–ಮಾಂಸದ ಕಟ್ಟು ಇಲ್ಲ.

ಪ್ರಶ್ನೆ: ಯುದ್ಧದ ಸುದ್ದಿ ನೋಡಿ ಮುಂಗಡ ಕೊಡಲು ಹೆದರಿಕೆ. ವಿಮೆ ಮಾಡಿದರೆ ಸಾಕಲ್ಲವೇ?
– ಕಲ್ಯಾಣಪುರ

ಸಾಲದು. ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಯುದ್ಧದಿಂದಾದ ನಷ್ಟವನ್ನು ಹೊರಗಿಟ್ಟಿರುತ್ತಾರೆ, ಸಣ್ಣ ಅಕ್ಷರದಲ್ಲಿ. ಹಳೆಯ ಕಾಯಿಲೆಯನ್ನೂ ಹಾಗೇ. ಮುಚ್ಚಿಟ್ಟರೆ ಆಸ್ಪತ್ರೆ ಬಿಲ್ಲು ನಿಮ್ಮ ತಲೆಗೆ. ನಿಮ್ಮ ನಿಜವಾದ ರಕ್ಷಣೆ ಏಜೆಂಟರ ಜೊತೆಗಿನ ಕರಾರು. ವಾಯುಮಾರ್ಗ ಮುಚ್ಚಿದರೆ ಎಷ್ಟು ವಾಪಸು, ವೀಸಾ ಸಿಗದಿದ್ದರೆ ಎಷ್ಟು, ವಿದೇಶಾಂಗ ಸಚಿವಾಲಯ ಹೋಗಬೇಡಿ ಎಂದರೆ ದಿನ ಮುಂದಕ್ಕೆ ಹಾಕುತ್ತಾರೋ ಹಣ ಕೊಡುತ್ತಾರೋ, ಇಷ್ಟು ಕಾಗದದಲ್ಲಿ ಬರದೆ ಮುಂಗಡ ಬೇಡ. "ನಾವು ಉಂಟಲ್ಲ ಮಾರಾಯ್ರೇ" ಎನ್ನುವುದು ಕರಾರಲ್ಲ. ಗೈಡ್ ಮತ್ತು ಡ್ರೈವರಿನ ಟಿಪ್ಸ್ ದರದಲ್ಲಿ ಸೇರಿದೆಯೋ ಕೇಳಿ. ಹೆಚ್ಚಾಗಿ ಸೇರಿರುವುದಿಲ್ಲ, ಅಲ್ಲಿ ಹೋದ ಮೇಲೆ ತಲೆಗಿಷ್ಟು ಡಾಲರ್ ಎಂದು ಎತ್ತುತ್ತಾರೆ.

ಬಿಲ್ಲಿನಲ್ಲಿ ಟಿಸಿಎಸ್ ಎಂಬ ತೆರಿಗೆ ಕಂಡರೆ ಅದು ಏಜೆಂಟರ ಲಾಭವಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ಸರಕಾರಕ್ಕೆ ಕಟ್ಟುವಂಥದ್ದು, ಆದಾಯ ತೆರಿಗೆ ಇಲಾಖೆಯ ಲೆಕ್ಕಪಟ್ಟಿಯಾದ 26ಎಎಸ್‌ನಲ್ಲಿ ಕಾಣಬೇಕು. ರಿಟರ್ನ್ ಸಲ್ಲಿಸಿದರೆ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ತೆರಿಗೆ ಇಲ್ಲದಿದ್ದರೆ ವಾಪಸು ಬರುತ್ತದೆ. ಆದಾಯವಿಲ್ಲದ ಹಿರಿಯರು ರಿಟರ್ನ್ ಹಾಕದೆ ಈ ಹಣ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ನಾವು ಕ್ರೈಸ್ತರಲ್ಲ, ಆದರೆ ಯಹೂದಿ ಆಲಯ ಒಂದನ್ನಾದರೂ ನೋಡುವ ಆಸೆ. ಹತ್ತಿರ ಎಲ್ಲಾದರೂ ಉಂಟೇ?
– ಮಣಿಪಾಲ

ಕೊಚ್ಚಿ. ಮಟ್ಟಾಂಚೇರಿಯ ಪರದೇಸಿ ಸಿನಗಾಗ್ 1568ರದು. ನೆಲಕ್ಕೆ ಹಾಸಿದ ನೀಲಿ-ಬಿಳಿ ಚೀನೀ ಹಂಚುಗಳ ಮೇಲೆ ಕೈಯಿಂದ ಬರೆದ ಚಿತ್ರ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಿನಲ್ಲೇ ನಡೆಯಬೇಕು. ಶುಕ್ರ, ಶನಿ ಮತ್ತು ಯಹೂದಿ ಹಬ್ಬಗಳಂದು ಮುಚ್ಚಿರುತ್ತದೆ. ಎರ್ನಾಕುಳಂನಿಂದ ಸುಮಾರು ಒಂದು ಗಂಟೆ ದೂರದ ಪರವೂರು, ಚೇಂದಮಂಗಲದ ಹಳೆಯ ಸಿನಗಾಗುಗಳು ಈಗ ಮ್ಯೂಸಿಯಂ, ಅವಕ್ಕೆ ಸೋಮವಾರ ರಜೆ. ಮೂರನ್ನೂ ಒಂದೇ ದಿನ ನೋಡಬೇಕಾದರೆ ಶನಿವಾರ ಸಂಜೆ ಮಂಗಳೂರು ಸೆಂಟ್ರಲ್‌ನಲ್ಲಿ ರೈಲು ಹತ್ತಿ. ಬೆಳಕು ಹರಿಯುವ ಮುಂಚೆಯೇ ಎರ್ನಾಕುಳಂ ತಲುಪುತ್ತೀರಿ. ಪರವೂರು, ಚೇಂದಮಂಗಲ ಮೊದಲು ಮುಗಿಸಿ, ಮಧ್ಯಾಹ್ನದ ವಿರಾಮ ಕಳೆದ ಮೇಲೆ ಮಟ್ಟಾಂಚೇರಿಗೆ ಬನ್ನಿ.